ತಿಳಿಹಸಿರಿನ ಮುಂದೆ ಕೂತವಳು

ಒಂದು ಗೋಡೆ. ಇನ್ನೂ ಬಣ್ಣ ಕಾಣದೆ, ಪ್ರೈಮರಿನ ಸತ್ತ ಬಿಳುಪಿನಲ್ಲಿ ನಿಂತ ಗೋಡೆ. ಅದರ ಮೇಲೆ ಆಳೆತ್ತರದ ಹಸಿರು ಪಟ್ಟಿಗಳು, ಒಂದರ ಪಕ್ಕ ಒಂದು. ಎಲ್ಲವೂ ತಿಳಿಹಸಿರೇ, ಆದರೆ ಒಂದು ನೀರು ಕುಡಿದು ಉಬ್ಬಿದಂತೆ, ಇನ್ನೊಂದು ಬೂದಿ ಸವರಿದಂತೆ, ಮತ್ತೊಂದು ಹಾಲಿನ ಮೇಲೆ ಎಲೆಯ ನೆರಳು ಬಿದ್ದಂತೆ. ಕೊನೆಯ ಪಟ್ಟಿ ಇನ್ನೂ ಒದ್ದೆ. ಅದರ ಕೆಳಗಿನ ಅಂಚಿನಲ್ಲಿ ಒಂದು ಹನಿ ಇಳಿಯಲೋ ಬೇಡವೋ ಎಂದು ತಡೆದು ನಿಂತಿದೆ. ಪಟ್ಟಿಯ ಮುಂದೆ ಬೆನ್ನಾಸರೆಯಿಲ್ಲದ ಸ್ಟೂಲು. ಸ್ಟೂಲಿನ ಮೇಲೆ ಒಬ್ಬ ಹೆಂಗಸು. ಕೊರಳಿನಿಂದ ಮೊಣಕಾಲಿನವರೆಗೆ ಅವಳಿಗೆ ಬಿಳಿಯ ಬಟ್ಟೆ ಹೊದಿಸಿದೆ, ಕ್ಷೌರದಂಗಡಿಯಲ್ಲಿ ಹೊದಿಸುವ ಹಾಗೆ. ಕೈಗಳು ಅದರೊಳಗೆಲ್ಲೋ ಇವೆ. ಎಡಗಡೆಯ ಕಿಟಕಿಯಿಂದ ಬಂದ ಬೆಳಕು ಅವಳ ಒಂದು ಕೆನ್ನೆಯನ್ನು ಹಿಡಿದು, ಮೂಗಿನ ಅಂಚಿಗೆ ಬಂದು ನಿಂತು, ಇನ್ನೊಂದು ಕೆನ್ನೆಯನ್ನು ಗೋಡೆಗೆ ಬಿಟ್ಟುಕೊಟ್ಟಿದೆ. ಕಣ್ಣು ತಗ್ಗಿಸಿದ್ದಾಳೆ. ಫೋಟೋ ತೆಗೆಸಿಕೊಳ್ಳುವವರ ಬಿಗಿ ಆ ಮುಖದಲ್ಲಿಲ್ಲ, ಬಸ್ಸಿಗೆ ಕಾಯುವವರ ಚಡಪಡಿಕೆಯೂ ಇಲ್ಲ. ಕೂರುವುದನ್ನೇ ಕಸುಬು ಮಾಡಿಕೊಂಡವರು ಕೂರುವಂತೆ ಕೂತಿದ್ದಾಳೆ.

ಎದುರಿಗೆ, ಆ ಉದ್ದನೆಯ ಹಾಲ್‌ನ ಇನ್ನೊಂದು ತುದಿಯಲ್ಲಿ, ಅವಳ ಗಂಡ ಕಣ್ಣು ಕಿರಿದು ಮಾಡಿ ನಿಂತಿದ್ದ. ಇವತ್ತೂ ಬರಲಿಲ್ಲ ಎಂದುಕೊಂಡ. ಬರಬೇಕಾಗಿದ್ದದ್ದು ಅವಳ ಮುಖಕ್ಕೆ ರಕ್ತ. ತಿಳಿಹಸಿರು ಗೋಡೆಗಾಗಿ ಇರುವ ಬಣ್ಣವಲ್ಲ, ಗೋಡೆಯ ಮುಂದಿನ ಮುಖಕ್ಕಾಗಿ ಇರುವ ಬಣ್ಣ ಎಂಬುದು ಅವನ ಬದುಕಿನ ಏಕೈಕ ಸಿದ್ಧಾಂತ. ಹಸಿರನ್ನು ನೋಡಿ ದಣಿದ ಕಣ್ಣು ತನಗೆ ತಾನೇ ಅದರ ಎದುರಾಳಿಯಾದ ಕೆಂಪನ್ನು ಹುಟ್ಟಿಸಿಕೊಳ್ಳುತ್ತದೆ. ಆ ಕೆಂಪು ಎದುರಿಗಿರುವ ಚರ್ಮದ ಮೇಲೆ ಹೋಗಿ ಕೂರುತ್ತದೆ. ಹದ ತಪ್ಪಿದರೆ ಮಾತ್ರ ಗೋಡೆಯೇ ಮುಖದ ಮೇಲೆ ಬಿದ್ದು, ಕೂತವರೆಲ್ಲ ನೀರಿನಿಂದ ಎತ್ತಿ ಹಾಕಿದವರಂತೆ ಕಾಣುತ್ತಾರೆ. "ಹದವಾದ ತಿಳಿಹಸಿರಿನ ಮುಂದೆ ಕೂರಿಸಿದರೆ ಹೆಣದ ಮುಖಕ್ಕೂ ಕಳೆ ಬರಬೇಕು" ಎಂದು ವಿನ್ಯಾಸದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹುಡುಗರ ಮುಂದೆ ಕೊಚ್ಚಿಕೊಂಡಿದ್ದ. ಹುಡುಗರು ಅವನಿಗೆ ಗಿಳಿಮೇಷ್ಟ್ರು ಎಂದು ಹೆಸರಿಟ್ಟರು. ಹೆಸರು ಅವನ ಹಿಂದೆಯೇ ಊರೆಲ್ಲ ಸುತ್ತಿ, ಆಸ್ಪತ್ರೆಗಳ, ಬ್ಯಾಂಕುಗಳ, ಶಾಲೆಗಳ ಗೋಡೆ ಹತ್ತಿತು. ಅವನಿಗೆ ಬೇಸರವಾಗಲಿಲ್ಲ. ಬಣ್ಣ ಹಚ್ಚಿಸುವವರೆಲ್ಲ ಕುರುಡರು. ಕುರುಡರು ಇಟ್ಟ ಹೆಸರಿಗೆ ಯಾರು ಅಳುತ್ತಾರೆ?

"ಮಾವ," ಎಂದ ಅಳಿಯ, ಬಾಗಿಲಲ್ಲಿ ಫೋನು ಹಿಡಿದುಕೊಂಡೇ. ಮಗಳ ಗಂಡ, ಕಸುಬಿನಲ್ಲಿ ಪಾಲುದಾರ. "ಪೇಂಟರುಗಳು ಬೆಳಗ್ಗೆಯಿಂದ ಟೀ ಕುಡ್ಕೊಂಡೇ ಕೂತಿದ್ದಾರೆ. ಒಂದು ಹಸಿರಿಗೆ ಇಷ್ಟೊಂದು ಬಾಣಂತನನಾ ಅಂತ ನಗ್ತಿದ್ದಾರೆ."

"ನಗಲಿ. ಬೇನೆ ಹೆತ್ತವರಿಗೆ ಗೊತ್ತು."

"ಡಾಕ್ಟರಮ್ಮ ಇವತ್ತು ಬಂದು ನೋಡ್ತಾರಂತೆ. ಅವರ ಕ್ಲಿನಿಕ್ಕು, ಅವರಿಗೂ ಆತುರ ಇರುತ್ತಲ್ಲ. ಸೇಜ್ ಅಂತ ಒಂದು ಬೂದುಹಸಿರಿದೆ, ಹಾಕಿಬಿಡೋಣ. ಈಗ ಎಲ್ಲಾ ಕಡೆ ಅದೇ ಓಡ್ತಿರೋದು."

"ಓಡೋದನ್ನ ತಂದು ಗೋಡೆಗೆ ಯಾಕಪ್ಪಾ ಬಳೀತೀಯ? ಗೋಡೆ ಒಂದು ಕಡೆ ನಿಲ್ಲೋ ಪ್ರಾಣಿ."

"ನೀವಿಬ್ಬರೂ ಮಾತು ಮುಗಿಸಿಕೊಳ್ಳಿ," ಎಂದಳು ಸ್ಟೂಲಿನ ಮೇಲಿನವಳು. "ಅಷ್ಟರಲ್ಲಿ ನಾನು ಸ್ವಲ್ಪ ಮೈ ಕೆರ್ಕೋತೀನಿ."

"ಅಲುಗಬೇಡ್ವೇ. ನೆರಳು ಕದಲುತ್ತೆ."

ಬಿಳಿಯ ಬಟ್ಟೆಯ ಕೆಳಗೆ ಕೈ ಹರಿದಾಡಿತು, ನಿಂತಿತು. ಅಳಿಯ ಫೋನಿಗೆ ತಲೆ ಬಗ್ಗಿಸಿದ. ಸೇಜ್! ಮಾವನಿಗೆ ಮೈಯುರಿಯಿತು. ಒಂದು ಕಾಲಕ್ಕೆ ಈ ಬಣ್ಣಕ್ಕೆ ಹೆಸರೇ ಇರಲಿಲ್ಲ. ಅಪ್ಪನ ಕಚೇರಿಯಲ್ಲಿ ಗೋಡೆಯ ಕೆಳಗಿನ ಅರ್ಧಕ್ಕೆ ಎಣ್ಣೆಬಣ್ಣದ ಹಸಿರು ಬಳಿದಿರುತ್ತಿತ್ತು, ಮೇಲಿನ ಅರ್ಧಕ್ಕೆ ಸುಣ್ಣ. ಕೂತವರ ತಲೆ ತಾಗುವಷ್ಟೆತ್ತರಕ್ಕೆ ಎಣ್ಣೆತಲೆಗಳ ಗುರುತು ಒಂದು ಕಪ್ಪು ಮೋಡದ ಸಾಲಾಗಿ ಗೋಡೆಯುದ್ದಕ್ಕೂ ಹೋಗುತ್ತಿತ್ತು. ಯಾರೂ ಅದನ್ನು ಶಾಂತಿ ಎನ್ನಲಿಲ್ಲ. ಕೊಳೆ ಕಾಣಬಾರದು, ಕಣ್ಣು ಕುಕ್ಕಬಾರದು, ಅಗ್ಗವಾಗಿರಬೇಕು, ಅಷ್ಟೆ. ಶಸ್ತ್ರಕ್ರಿಯೆಯ ಕೋಣೆಗೆ ಹಸಿರು ಬಂದದ್ದು ರಕ್ತ ನೋಡಿ ನೋಡಿ ದಣಿದ ಕಣ್ಣಿಗೆ ತಂಗಲು ಒಂದು ಜಾಗ ಬೇಕಾಗಿದ್ದರಿಂದ. ಆ ದಣಿವಿಗೊಂದು ಮರ್ಯಾದೆಯಿತ್ತು. ಈಗ ಯಾವ ದಣಿವೂ ಇಲ್ಲದವರು ತಮ್ಮ ಮಲಗುವ ಕೋಣೆಗೆ, ನಾಯಿಯ ಗೂಡಿಗೆ, ಹಲ್ಲುಪುಡಿಯ ಡಬ್ಬಿಗೆ ಅದನ್ನೇ ಬಳಿದುಕೊಂಡು ನೆಮ್ಮದಿ ಎನ್ನುತ್ತಾರೆ. ಕಂಪನಿಯವರ ಬಣ್ಣದ ಪುಸ್ತಕದಲ್ಲಿ ಪ್ರತಿಯೊಂದು ಹಸಿರಿನ ಕೆಳಗೂ ಕವಿತೆಯಂಥದೊಂದು ಸಾಲು: ಪ್ರಕೃತಿಯ ಮಡಿಲು, ಮುಂಜಾವಿನ ಉಸಿರು. ಇದ್ದ ಮರ ಕಡಿದು ಗೋಡೆ ಎಬ್ಬಿಸಿ, ಗೋಡೆಗೆ ಮರದ ಬಣ್ಣ ಬಳಿದು, ಅದರ ಕೆಳಗೆ ಪದ್ಯ ಬರೆಯುವವರು! ಆ ಪದ್ಯ ಓದಿಯೇ ಅಳಿಯನ ತಲೆಮಾರು ಬಣ್ಣ ಆರಿಸುತ್ತದೆ, ಬೆರಳಷ್ಟಗಲದ ಚೂರನ್ನು ಕಿಟಕಿಯ ಬಳಿ ಹಿಡಿದು. ಬೆರಳಗಲದಲ್ಲಿ ಹಸಿರು ಒಂದು ಮಾತು. ಗೋಡೆಯಗಲದಲ್ಲಿ ಅದು ಹವಾಮಾನ. ಇದನ್ನು ಎಷ್ಟು ಸಲ ಹೇಳಿಲ್ಲ? ಆದರೆ ಹೇಳುವ ಬಾಯಿ ಇದ್ದರೆ ಸಾಲದು, ನೋಡುವ ಕಣ್ಣು ಇರಬೇಕು. ತನಗೆ ಅದು ಇನ್ನೂ ಇದೆಯೆ?

ಅದೇ ಪ್ರಶ್ನೆ ಕೆಲವು ವಾರಗಳಿಂದ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಕಣ್ಣಿನ ಡಾಕ್ಟರು ಕನ್ನಡಕ ಬದಲಿಸುವಾಗ ಹಗುರವಾಗಿ ಅಂದಿದ್ದರು: ವಯಸ್ಸಾದ ಮೇಲೆ ಕಣ್ಣೊಳಗಿನ ಮಸೂರ ಹಳದಿಗಟ್ಟುತ್ತೆ, ಹಳೇ ಪೇಪರು ಹಳದಿಗಟ್ಟೋ ಹಾಗೆ, ಗಾಬರಿಯಾಗೋದೇನಿಲ್ಲ, ನಮಗೆ ಗೊತ್ತೇ ಆಗಲ್ಲ. ಗೊತ್ತೇ ಆಗಲ್ಲ! ಪಾಕಮಾಡುವವನಿಗೆ ನಿನ್ನ ನಾಲಿಗೆ ಸತ್ತಿದೆ, ಆದರೆ ಗಾಬರಿಯಾಗಬೇಡ ಎಂದ ಹಾಗೆ. ಅಂದು ಅವನು ನಕ್ಕು ಬಂದಿದ್ದ, ಯಾರಿಗೂ ಹೇಳಿರಲಿಲ್ಲ. ಆಮೇಲೆ ಈ ಕ್ಲಿನಿಕ್ಕಿನ ಹಾಲಿಗೆ ಎಂದಿನಂತೆ ಬಣ್ಣ ಕಲಸಿದ್ದ. ಬಿಳಿಗೆ ಹಸಿರು, ಹಸಿರಿನ ಉರಿಯನ್ನು ಕೊಲ್ಲಲು ತುಸು ಕಪ್ಪು, ಕಪ್ಪಿನ ಸೂತಕ ಕಳೆಯಲು ಒಂದು ತೊಟ್ಟು ಕೆಂಪು. ಎರಡನೆಯ ಪಟ್ಟಿಗೇ ಹದ ಸಿಕ್ಕಿತೆಂದು ಕೈ ಹೇಳಿತ್ತು. ಹೆಂಡತಿಯನ್ನು ಕೂರಿಸಿ ನೋಡಿದರೆ ಮುಖಕ್ಕೆ ರಕ್ತ ಬರಲಿಲ್ಲ. ಬರುವುದಿರಲಿ, ಹಳಸಿದ ಬೆಣ್ಣೆಯಂತೆ ಕಂಡಿತು. ಹಸಿರಿನಲ್ಲಿ ಹಳದಿಯ ಅಂಶ ಹೆಚ್ಚಾಯಿತೇನೋ ಎಂದು ನೀಲಿ ಬೆರೆಸಿದ. ಮುಖ ಹಾಗೇ ಉಳಿಯಿತು. ಬೂದಿಗೆ ತಿರುಗಿಸಿದ, ಮುಖ ಇನ್ನಷ್ಟು ಹಳದಿ. ಕಿಟಕಿಗೆ ಪರದೆ ಕಟ್ಟಿಸಿದ, ಬಿಚ್ಚಿಸಿದ. ಪಟ್ಟಿಗಳು ಗೋಡೆಯುದ್ದಕ್ಕೂ ಸಾಲುಗಟ್ಟಿದವು, ತಪ್ಪಿಗೆ ನಿಲ್ಲಿಸಿದ ಶಾಲೆಯ ಹುಡುಗರಂತೆ. ಗೋಡೆಯಲ್ಲಿ ತಪ್ಪಿಲ್ಲವೆಂದಾದರೆ ತಪ್ಪು ತನ್ನ ಕಣ್ಣಿನಲ್ಲಿ. ಅಳಿಯನಿಗೆ ಇದು ಹೊಳೆದ ದಿನ ಹಾರ ಹಾಕಿ, ನಿಮ್ಮ ಅನುಭವ ನಮಗೆ ಸದಾ ದಾರಿದೀಪ ಎಂದು ಹೇಳಿ, ಮೂಲೆಯ ಕುರ್ಚಿ ತೋರಿಸುತ್ತಾನೆ. ಅಂಥ ಕುರ್ಚಿಗಳನ್ನು, ಅವುಗಳಲ್ಲಿ ಕೂತ ಮುದುಕರನ್ನು ಅವನು ನೋಡಿದ್ದ. ಅವರ ಹಿಂದಿನ ಗೋಡೆಗೆ ಎಂಥ ಬಣ್ಣ ಬೇಕೆಂದು ಸಲಹೆ ಕೂಡ ಕೊಟ್ಟಿದ್ದ.

ಮೊದಲ ಸಲ ಅವಳು ಹೀಗೆ ಗೋಡೆಯ ಮುಂದೆ ನಿಂತದ್ದು ಮದುವೆಯಾದ ಹೊಸತರಲ್ಲಿ. ಬಾಡಿಗೆಯ ಒಂದೇ ಕೋಣೆ. ಕಡಿಮೆ ಬೆಲೆಗೆ ಸಿಕ್ಕ ಉಳಿಕೆ ಡಬ್ಬದಿಂದ ತಾನೇ ಹಸಿರು ಬಳಿದಿದ್ದ. ಅವಳು ಒದ್ದೆ ಕೂದಲು ಬಿಚ್ಚಿಕೊಂಡು ಬಂದು ಆ ಗೋಡೆಗೆ ಬೆನ್ನು ಮಾಡಿ ನಿಂತಾಗ ಕೆನ್ನೆ ಎರಡೂ ಕೆಂಪೇರಿದವು. "ಹಾಗೇ ನಿಂತಿರು" ಎಂದ. ನಿಂತಳು. ಅವನು ಹತ್ತಿರ ಬಂದ, ದೂರ ಹೋದ, ಮತ್ತೆ ಹತ್ತಿರ ಬಂದ. ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಅವನು ಅವಳನ್ನು ಕಿಟಕಿಯ ಬಳಿಗೆ ಸರಿಸಿ, ಬಿಳಿಯ ಗೋಡೆಯ ಮುಂದೆ ನಿಲ್ಲಿಸಿ, ಮತ್ತೆ ಹಸಿರಿನ ಮುಂದೆ ತಂದು, ಕೆನ್ನೆಯ ಕೆಂಪು ಆ ಹಸಿರು ಗೋಡೆಯಿಂದ ಬಂದದ್ದೆಂದು ಕಂಡುಹಿಡಿದ. ಆ ದಿನದ ಸಂತೋಷಕ್ಕೆ ಸಮನಾದದ್ದು ಆಮೇಲೆ ಅವನಿಗೆ ಸಿಕ್ಕಿಲ್ಲ. ಆ ಕೆಂಪಿಗೆ ಬೇರೆ ಕಾರಣವೂ ಇದ್ದಿರಬಹುದೆಂದು ಯೋಚಿಸಲು ಅವನಿಗೆ ಪುರುಸೊತ್ತಾಗಲಿಲ್ಲ. ಅಂದಿನಿಂದ ಅವಳು ಅವನ ತಕ್ಕಡಿ. ಎಲ್ಲಿ ಗೋಡೆಯೆದ್ದರೂ ಅವಳನ್ನು ಕರೆದುಕೊಂಡು ಹೋದ. ಸೀರೆಯ ಬಣ್ಣ ಲೆಕ್ಕ ಕೆಡಿಸುತ್ತದೆಂದು ಬಿಳಿಯ ಬಟ್ಟೆ ಹೊದಿಸಿದ, ಕಣ್ಣಿನ ಬಿಳಿ ನೋಟವನ್ನು ಸೆಳೆಯುತ್ತದೆಂದು ಕಣ್ಣು ತಗ್ಗಿಸಲು ಕಲಿಸಿದ. ಮಗಳು ಹೊಟ್ಟೆಯಲ್ಲಿದ್ದಾಗ ಮಾತ್ರ, ಆ ದಿನಗಳಲ್ಲಿ ಚರ್ಮದ ಬಣ್ಣ ನಂಬಿಕೆಗೆ ಯೋಗ್ಯವಲ್ಲವೆಂದು, ಬೇರೆ ಯಾರನ್ನೋ ಹುಡುಕಿದ್ದ. ಒಂದು ಬ್ಯಾಂಕಿನಲ್ಲಿ ಮ್ಯಾನೇಜರು ಇವರು ಯಾರು ಎಂದು ಕೇಳಿದಾಗ, ಹೆಂಡತಿ ಎಂದರೆ ಕೆಲಸ ಮನೆಗೆಲಸದಂತೆ ಕಂಡೀತೆಂದು ಹೆದರಿ, "ನಮ್ಮ ಕಡೆಯ ಹೆಂಗಸು" ಎಂದುಬಿಟ್ಟಿದ್ದ. ಅವಳ ತಗ್ಗಿದ ರೆಪ್ಪೆ ಮಿಸುಕಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ತಟ್ಟೆ ಹಾಕಿದವಳು, "ನಿಮ್ಮ ಕಡೆಯ ಹೆಂಗಸು ಬಡಿಸಿದ್ದಾಳೆ, ದೊಡ್ಡೋರು ಬನ್ನಿ" ಎಂದು ಕೂಗಿದ್ದಳು. ಮಗಳು ಪಕಪಕನೆ ನಕ್ಕಿದ್ದಳು. ಅವನೂ ನಕ್ಕಿದ್ದ. ತುತ್ತು ಮಾತ್ರ ಇಳಿದಿರಲಿಲ್ಲ.

ಅವಳೂ ಈಚೆಗೆ ಅದನ್ನೇ ಹೇಳುತ್ತಿದ್ದಳಲ್ಲವೆ, ತುತ್ತು ಇಳಿಯುವುದಿಲ್ಲವೆಂದು? ಮೊನ್ನೆಯೋ ಅದರಾಚೆಯೋ. "ಯಾಕೋ ಊಟ ಸೇರ್ತಾನೇ ಇಲ್ಲ ಕಣ್ರೀ." ಅವನು ಆಗ ಕೈಬೆರಳಿನ ಉಗುರಿನಲ್ಲಿ ಒಣಗಿದ್ದ ಹಸಿರನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದ. "ನನಗೂ ಅಷ್ಟೆ" ಎಂದಿದ್ದ.

"ಬಂದ್ರು," ಎಂದ ಅಳಿಯ. ಫೋನು ಜೇಬಿಗೆ ಹೋಯಿತು, ಬೆನ್ನು ನೆಟ್ಟಗಾಯಿತು.

ಡಾಕ್ಟರಮ್ಮ ಸಣ್ಣ ಆಳು, ನಡಿಗೆ ಮಾತ್ರ ದೊಡ್ಡ ಆಳಿನದು. ಬಾಗಿಲು ತಳ್ಳಿ ಒಳಗೆ ಬಂದು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿ, "ಇದೇನ್ ಸರ್, ನನ್ನ ಗೋಡೆಗೆ ತೇಪೆ ಹಾಕಿ ಕೂತಿದ್ದೀರಾ!" ಎಂದಳು. ಅಳಿಯ ಬೇಕಾದ್ದಕ್ಕಿಂತ ಜೋರಾಗಿ ನಕ್ಕ. ಮಾವ ಗಂಟಲು ಸರಿಮಾಡಿಕೊಂಡ. ಎಷ್ಟೋ ಸಲ ಆಡಿ ಸವೆದಿದ್ದ ಮಾತು ಇವತ್ತು ಬಾಯಿಗೆ ಮರಳಿನಂತೆ ಬಂತು. "ಹಸಿರು ಅಂದ್ರೆ ಡಾಕ್ಟ್ರೆ, ಬೆಳಕಿನ ಬಣ್ಣಗಳಲ್ಲಿ ನಡುವೆ ನಿಲ್ಲೋದು. ಕಣ್ಣಿಗೆ ಅದನ್ನ ನೋಡೋಕೆ ಶ್ರಮ ಬೇಡ. ಆದ್ರೆ ನಿಮ್ಮ ಹಾಲಿನಲ್ಲಿ ಕೂರೋರು ಕಾಯಿಲೆಯವರು. ಕಾಯೋ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡ್ತಾರೆ. ಪಕ್ಕದವನ ಮುಖ ಕಳೆಗಟ್ಟಿದ್ರೆ ಇವರಿಗೂ ಧೈರ್ಯ. ಅದಕ್ಕೇ ನಾವು ಮುಖ ಇಟ್ಟು ಪರೀಕ್ಷೆ..." ಮಾತಾಡುತ್ತಿದ್ದಂತೆ ಅವನಿಗೆ ಅಳಿಯನ ಮುಖ ಕಾಣಿಸಿತು, ಅದರ ಮೇಲೆ ವಿನಯ, ವಿನಯದ ಕೆಳಗೆ ಕಾತರ, ಮುದುಕನ ಕಾಲು ಜಾರುವುದನ್ನು ನೋಡಲು ಕಾಯುವವರ ಕಾತರ. ಆಮೇಲೆ ಗೊತ್ತಾಯಿತು, ಡಾಕ್ಟರಮ್ಮ ಕೇಳಿಸಿಕೊಳ್ಳುತ್ತಲೇ ಇಲ್ಲ. ಗೋಡೆಯನ್ನೂ ನೋಡುತ್ತಿಲ್ಲ. ಸ್ಟೂಲಿನ ಹತ್ತಿರ ಹೋಗಿ ಬಗ್ಗಿದ್ದಳು.

"ಅಮ್ಮಾ, ಕಣ್ಣು ಮೇಲೆತ್ತಿ ಒಂದ್ಸಲ."

ಅವಳು ಅನುಮತಿ ಕೇಳುವವಳಂತೆ ಗಂಡನ ಕಡೆ ನೋಡಿದಳು. ಡಾಕ್ಟರಮ್ಮ ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದಳು. ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಮೈ ಕಡಿತ ಇದೆಯಾ?"

"ಇದೆ. ಬಟ್ಟೆಯೊಳಗೆ ಕೆರ್ಕೋತಾ ಇರ್ತೀನಿ. ಇವರು ಅಲುಗಬೇಡ ಅಂತಾರೆ."

"ಊಟ?"

"ನೋಡಿದ್ರೆ ಹೇಸಿಗೆ."

"ಹೊಟ್ಟೆನೋವು ಗಿಟ್ಟೆನೋವು?"

"ಏನೂ ಇಲ್ಲ. ನೋವಿದ್ದಿದ್ರೆ ಹೇಳ್ತಿದ್ದೆ."

ಡಾಕ್ಟರಮ್ಮನಿಗೆ ಈ ಕೊನೆಯ ಉತ್ತರ ಹಿಡಿಸಲಿಲ್ಲವೆಂದು ಅವಳ ಹುಬ್ಬು ಹೇಳಿತು. ನೆಟ್ಟಗೆ ನಿಂತು ಅವನನ್ನು ಕೇಳಿದಳು. "ಇವರು ಯಾರು ಸರ್?"

"ಮನೆಯವರು."

"ಯಾರ ಮನೆಯವರು?"

"ನಮ್ಮ... ನನ್ನ ಹೆಂಡ್ತಿ."

"ಮತ್ತೆ ಮನೆಯಲ್ಲಿ ಯಾರೂ ಇವರ ಮುಖ ನೋಡೋದಿಲ್ವಾ?" ದನಿ ಏರಿಸಲಿಲ್ಲ, ಅದಕ್ಕೇ ಅದು ಹಾಲಿನ ತುದಿಯವರೆಗೆ ಹೋಯಿತು. "ಕಾಮಾಲೆ ಇದು. ಚೆನ್ನಾಗಿ ಏರಿದೆ. ನೋವಿಲ್ಲದೆ ಹೀಗೆ ಏರೋದು ನನಗೆ ಸರಿ ಕಾಣ್ತಿಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಸ್ಕ್ಯಾನ್ ಆಗ್ಬೇಕು. ನಾನು ಫೋನ್ ಮಾಡಿ ಹೇಳ್ತೀನಿ."

ಸ್ಟೂಲಿನ ಮೇಲಿನವಳು ಡಾಕ್ಟರಮ್ಮನ ಕಡೆ ತಿರುಗಿದಳು. "ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರಲ್ಲ ಡಾಕ್ಟ್ರೆ. ನನಗೆ ಹಾಗೇನೂ ಕಾಣ್ಲಿಲ್ಲಪ್ಪ. ಎದುರಿಗೆ ಬಂದದ್ದೆಲ್ಲ ಹಸಿರೇ."

ಆ ಹೊತ್ತಿನಲ್ಲಿ ಅವನೊಳಗೆ ಏನೋ ಎದ್ದು ನಿಂತಿತು. ಅದು ಎದ್ದ ರಭಸಕ್ಕೆ ಎದೆಯ ಗೂಡು ಅಗಲವಾಯಿತು, ವಾರಗಳಿಂದ ಸಿಕ್ಕಿಕೊಂಡಿದ್ದ ಮುಳ್ಳು ಕಳಚಿತು, ಉಸಿರು ಬುಡದವರೆಗೆ ಇಳಿಯಿತು. ಅದಕ್ಕೆ ಒಂದೇ ಹೆಸರು: ಸಂತೋಷ. ಕಣ್ಣು ಕೆಟ್ಟಿಲ್ಲ! ಮುಖ ಹಳದಿಯಾಗಿ ಕಂಡಿತು, ಏಕೆಂದರೆ ಮುಖ ಹಳದಿಯಾಗಿತ್ತು. ಮಸೂರ ಮಣ್ಣು ಎಲ್ಲ ಸುಳ್ಳು. ಕೈ ಹೇಳಿದ್ದು ನಿಜ, ಎರಡನೆಯ ಪಟ್ಟಿಯೇ ಹದವಾಗಿತ್ತು, ತಕ್ಕಡಿಯೇ ಕೆಟ್ಟಿತ್ತು. ಅವನ ನೋಟ ತನಗೆ ತಾನೇ ಅವಳನ್ನು ದಾಟಿ ಎರಡನೆಯ ಪಟ್ಟಿಗೆ ಹೋಗಿ, ತವರಿಗೆ ಬಂದ ಮಗಳಂತೆ ಅಲ್ಲಿ ಕೂತಿತು. ಎಂಥ ಹಸಿರು! ಹಾಲಿನ ಮೇಲೆ ಎಲೆಯ ನೆರಳು. ಎಷ್ಟು ಹೊತ್ತು ನೋಡಿದನೋ. ಒಂದು ಉಸಿರು, ಎರಡು ಉಸಿರು. ಮರಳಿ ಬಂದಾಗ ಅವಳ ಕಣ್ಣು ಮೇಲೆತ್ತಿಕೊಂಡೇ ಇತ್ತು. ಡಾಕ್ಟರಮ್ಮ ಎತ್ತಿಸಿದ ಕಣ್ಣು, ಯಾರೂ ತಗ್ಗಿಸಲು ಹೇಳಿರಲಿಲ್ಲ. ಬಿಳಿಯಿರಬೇಕಾದಲ್ಲಿ ಅರಿಶಿನ ಕದಡಿದಂತಿದ್ದ ಆ ಕಣ್ಣು ಅವನ ಮುಖವನ್ನೇ ನೋಡುತ್ತಿತ್ತು. ಕೂಡಲೇ ಮುಖದ ಮೇಲೆ ಆತಂಕವನ್ನು ತಂದುಕೊಂಡ. ತಡವಾಗಿತ್ತು, ಒಣಗಿದ ಮೇಲೆ ಬಳಿದ ಎರಡನೇ ಕೋಟಿನಂತೆ ಅದು ಮೇಲೆ ಮೇಲೆಯೇ ಕೂತಿತು.

ಅಳಿಯ ಕಾರು ತರುತ್ತೇನೆಂದು ಓಡಿದ. ಎಷ್ಟೆಂದರೂ ಒಳ್ಳೆಯವನು, ಓಡುವವನು. ಡಾಕ್ಟರಮ್ಮ ಫೋನಿನಲ್ಲಿ ಯಾರಿಗೋ ಅವಸರವಾಗಿ ಹೇಳುತ್ತ ಹೊರಗೆ ಹೋದಳು. ಹೆಂಡತಿ ಬಿಳಿಯ ಬಟ್ಟೆಯ ಗಂಟು ಬಿಚ್ಚಿ, ಎದ್ದಳು. ಎದ್ದವಳು ಸ್ವಲ್ಪ ತೂಗಾಡಿದಳು, ಒಂದು ಕೈಯನ್ನು ಗೋಡೆಗೆ ಊರಿದಳು. ಒದ್ದೆಯಿದ್ದ ಪಟ್ಟಿಯ ಮೇಲೆ ಅಂಗೈ ಮೂಡಿತು.

"ಅಯ್ಯೋ, ಬಣ್ಣ..." ಎಂದ ಅವನು.

ಅವಳು ಅಂಗೈ ನೋಡಿಕೊಂಡಳು. "ಹೋಗ್ಲಿ ಬಿಡಿ. ಅದು ಹೇಗಿದ್ರೂ ಸರಿಯಾಗಿರ್ಲಿಲ್ಲವಲ್ಲ."

"ನಾನೂ ಬರ್ತೀನಿ. ತಡಿ, ಚಪ್ಪಲಿ ಹಾಕ್ಕೋತೀನಿ."

"ಬೇಡ."

"ಏನೇ ಬೇಡ ಅಂದ್ರೆ? ಆಸ್ಪತ್ರೆಗೆ ಒಬ್ಬಳೇ ಹೋಗ್ತೀಯಾ?"

"ಅಳಿಯ ಇದ್ದಾನೆ. ಮಗಳು ಅಲ್ಲಿಗೇ ಬರ್ತಾಳೆ."

"ನಾನು ಏನು ಸತ್ತಿದ್ದೀನಾ?"

ಅವಳು ನಕ್ಕಳು. ಕುಹಕವಿಲ್ಲದ ಸಣ್ಣ ನಗು, ಅದೇ ಕಷ್ಟ. "ಇಷ್ಟು ಕಾಲ ನೀವು ನನ್ನ ಮುಖ ನೋಡ್ತಾ ನಿಂತ್ರಿ. ನೀವು ಗೋಡೆ ಕಡೆ ತಿರುಗಿದಾಗೆಲ್ಲ ನಾನು ನಿಮ್ಮ ಮುಖ ನೋಡ್ತಿದ್ದೆ ಕಣ್ರೀ. ಸ್ಟೂಲಿನ ಮೇಲೆ ಕೂತೋಳಿಗೆ ನೋಡೋಕೆ ಬೇರೆ ಇನ್ನೇನಿರುತ್ತೆ? ನಿಮ್ಮ ಮುಖ ನನಗೆ ಬಾಯಿಪಾಠ. ಈ ಹಾಲಿಗೆ ಬಂದಾಗಿಂದ ಕಪ್ಪಿಟ್ಟಿತ್ತು. ಪಾಪ, ಏನೋ ನುಂಗ್ತಿದ್ದಾರೆ, ನನ್ನ ಬಗ್ಗೇನೇ ಚಿಂತೆ ಇರ್ಬೇಕು ಅಂದ್ಕೊಂಡಿದ್ದೆ." ಬಿಳಿಯ ಬಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು. "ಡಾಕ್ಟ್ರು ಕಾಮಾಲೆ ಅಂದ ತಕ್ಷಣ ಕಳೆಗಟ್ತು. ಮದುಮಗನ ಮುಖದ ಹಾಗೆ."

"ಇಲ್ಲ ಕಣೇ, ಅದು..." ಎಂದು ಶುರುಮಾಡಿದ. ಹೇಳಲು ಇದ್ದದ್ದೆಲ್ಲ ನೆನಪಾಯಿತು: ಕಣ್ಣಿನ ಡಾಕ್ಟರು, ಹಳೇ ಪೇಪರು, ಅಳಿಯ, ಮೂಲೆಯ ಕುರ್ಚಿ. ಒಂದೊಂದೂ ನಿಜ, ಒಂದರಲ್ಲೂ ಅವಳಿರಲಿಲ್ಲ.

"ಗೋಡೆ ಸರಿಯಿದೆ ಅಂತ ತಾನೆ? ಯಾವುದು? ಎರಡನೇದು?" ಅವಳು ತಿರುಗಿ ಆ ಪಟ್ಟಿಯನ್ನು, ಮೊದಲ ಸಲವೆಂಬಂತೆ, ತಲೆ ಓರೆ ಮಾಡಿ ನೋಡಿದಳು. "ಚೆನ್ನಾಗಿದೆ. ಅದನ್ನೇ ಹಚ್ಚಿಸಿ. ಪೇಂಟರುಗಳು ಕಾಯ್ತಿದ್ದಾರೆ." ಹಸಿರು ಮೆತ್ತಿದ ಅಂಗೈಯನ್ನು ಸೀರೆಗೆ ತಾಗದಂತೆ ದೂರ ಹಿಡಿದುಕೊಂಡು ಬಾಗಿಲ ಕಡೆ ನಡೆದಳು.

ಹೊಸ ಬಾಗಿಲು. ನೆತ್ತಿಯ ಮೇಲೆ ಲೋಹದ ತೋಳು ಕೂರಿಸಿದ್ದರು, ತಾನಾಗಿ ಮುಚ್ಚಿಕೊಳ್ಳಲೆಂದು. ಕಾಯಿಲೆಯವರ ಕೈಗೆ ಬಡಿಯಬಾರದೆಂದು ಅದನ್ನು ಬಲು ನಿಧಾನ ಮಾಡಿದ್ದರು. ಅವಳು ಭುಜದಿಂದ ತಳ್ಳಿ ದಾಟಿದಳು. ಹೊರಗಿನ ಬಿಳಿಯ ಓಣಿಯಲ್ಲಿ ಬಿಸಿಲು ನೇರವಾಗಿ ಅವಳ ಮೇಲೆ ಬಿತ್ತು. ಅಲ್ಲಿ ಯಾವ ಗೋಡೆಯ ಹಂಗೂ ಇಲ್ಲದೆ ಅವಳ ಕೆನ್ನೆ, ಕುತ್ತಿಗೆ, ಕಿವಿಯ ಹಿಂಬದಿ ಎಲ್ಲ ಹಳದಿಯಾಗಿದ್ದವು, ಮಗುವಿಗೂ ಕಾಣುವಷ್ಟು. ಅವನು ಕಣ್ಣು ಕಿರಿದು ಮಾಡದೆ ನೋಡಿದ. ಬಾಗಿಲು ಆತುರವಿಲ್ಲದೆ ಮರಳುತ್ತಿತ್ತು. ಓಡಿದರೆ ದಾಟಬಹುದಿತ್ತು, ನಡೆದರೂ ದಾಟಬಹುದಿತ್ತು, ನಿಂತಲ್ಲೇ ಹೆಸರು ಹಿಡಿದು ಕೂಗಿದ್ದರೂ ಅವಳಿಗೆ ಕೇಳುತ್ತಿತ್ತು. ಸಂದು ಕಿರಿದಾಯಿತು. ಕಿರಿದಾಗುತ್ತಿದ್ದ ಸಂದಿನಲ್ಲಿ ಆ ಹಳದಿ ಕುತ್ತಿಗೆಯನ್ನೇ ಹಿಂಬಾಲಿಸುತ್ತಿದ್ದ ಅವನ ತಲೆ, ಅವನನ್ನು ಕೇಳದೆಯೇ, ಇಂಥ ಮುಖಕ್ಕೂ ರಕ್ತ ಬರಿಸಬೇಕಾದರೆ ಹಸಿರಿಗೆ ಇನ್ನೆಷ್ಟು ತೊಟ್ಟು ಕೆಂಪು ಹಿಡಿದೀತೆಂದು ಬಣ್ಣ ಕಲಸಲು ತೊಡಗಿತ್ತು. ಬಾಗಿಲು ಮುಚ್ಚಿಕೊಂಡಿತು.